ಶ್ರವಣದೋಷಕ್ಕೆ ಯುಡಿಐಡಿ ಕಾರ್ಡ್: ಕಿವಿ ಪರೀಕ್ಷೆಯಿಂದ ಮಾಸಾಶನದವರೆಗೆ ನಾನು ಮಾಡಿಸಿದ ಬಗೆ

ನನ್ನ ಎರಡೂ ಕಿವಿಗಳ ಶ್ರವಣದೋಷಕ್ಕೆ ಬೆಂಗಳೂರಿನಲ್ಲಿ ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿ, ಅದರ ಮೇಲೆ ಸಿಗುವ ಸೌಲಭ್ಯಗಳಿಗೆ ಅರ್ಜಿ ಹಾಕಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನವರು ಆನ್‌ಲೈನ್ ಅರ್ಜಿಯಿಂದ ಶುರು ಮಾಡುತ್ತಾರೆ. ನಾನು ಕಿವಿ ಪರೀಕ್ಷೆಯಿಂದ ಶುರು ಮಾಡಿದೆ, ನಿಮಗೂ ಅದನ್ನೇ ಹೇಳುತ್ತೇನೆ. ಕಾಗದಪತ್ರದಲ್ಲಿ ಕೊರತೆಯಾದರೆ ಆಮೇಲೂ ಸರಿಪಡಿಸಬಹುದು. ಪರೀಕ್ಷೆ ಸರಿಯಾಗಿ ಆಗದಿದ್ದರೆ ತಪ್ಪು ಅಂಕಿಯೇ ಪ್ರಮಾಣಪತ್ರಕ್ಕೆ ಹೋಗುತ್ತದೆ, ಮುಂದಿನ ಎಲ್ಲ ಅರ್ಜಿಗಳೂ ಆ ಅಂಕಿಯ ಮೇಲೆಯೇ ನಿಲ್ಲುತ್ತವೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಮಾತಿನ ಆವರ್ತನಗಳಲ್ಲಿ (ಸ್ವರದ ಏರಿಳಿತದ ಮಟ್ಟ, ಅಳತೆ ಹರ್ಟ್ಸ್) ಎರಡೂ ಕಿವಿಗಳಿಗೆ 70 ಡೆಸಿಬಲ್ (ಶಬ್ದದ ಜೋರಿನ ಅಳತೆ) ನಷ್ಟವಿದ್ದರೆ ಕಿವುಡು, 60ರಿಂದ 70 ಡೆಸಿಬಲ್ ಇದ್ದರೆ ಮಂದ ಶ್ರವಣ. ಇಲ್ಲಿ 'ಎರಡೂ ಕಿವಿಗಳಿಗೆ' ಎನ್ನುವುದನ್ನು ಗಮನಿಸಿ. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಸರಿಯಾಗಿದ್ದರೆ ಬದುಕಿನಲ್ಲಿ ತೊಂದರೆ ನಿಜವೇ, ಆದರೆ ಈ ಸೌಲಭ್ಯಗಳ ಬಾಗಿಲು ತೆರೆಯುವುದಿಲ್ಲ. ಯಾಕೆಂದು ಲೆಕ್ಕ ನೋಡಿದರೆ ತಿಳಿಯುತ್ತದೆ. ಪ್ರತಿ ಕಿವಿಗೆ 500, 1000, 2000, 4000 ಹರ್ಟ್ಸ್‌ಗಳಲ್ಲಿ ಕೇಳಿಸಲು ಶುರುವಾಗುವ ಮಟ್ಟವನ್ನು ಕೂಡಿಸಿ ನಾಲ್ಕರಿಂದ ಭಾಗಿಸುತ್ತಾರೆ. ಬಲಗಿವಿಗೆ 55, 60, 70, 75 ಬಂದಿದ್ದರೆ ಸರಾಸರಿ 65. ಎಡಗಿವಿಗೆ 65, 75, 85, 95 ಬಂದಿದ್ದರೆ 80. ಮಾರ್ಗಸೂಚಿಯ ಕೋಷ್ಟಕ ನೋಡಿ ಈ ಸರಾಸರಿಯನ್ನು ಆಯಾ ಕಿವಿಯ ಶೇಕಡಾವಾರಿಗೆ ಬದಲಿಸುತ್ತಾರೆ. ಆಮೇಲೆ ಚೆನ್ನಾಗಿ ಕೇಳಿಸುವ ಕಿವಿಯ ಶೇಕಡಾವನ್ನು ಐದರಿಂದ ಗುಣಿಸಿ, ಅದಕ್ಕೆ ಇನ್ನೊಂದು ಕಿವಿಯ ಶೇಕಡಾವನ್ನು ಕೂಡಿಸಿ, ಆರರಿಂದ ಭಾಗಿಸುತ್ತಾರೆ.

ಅಂದರೆ ಲೆಕ್ಕದಲ್ಲಿ ಆರರಲ್ಲಿ ಐದು ಪಾಲು ಒಳ್ಳೆಯ ಕಿವಿಯದು. ಒಂದು ಕಿವಿಯ ನಷ್ಟ ಶೇ. 0, ಇನ್ನೊಂದರದು ಶೇ. 100 ಎಂದಿಟ್ಟುಕೊಂಡರೆ ಒಟ್ಟು ಶೇ. 16.67 ಅಷ್ಟೇ. ಒಳ್ಳೆಯ ಕಿವಿ 50, ಕೆಟ್ಟ ಕಿವಿ 80 ಇದ್ದರೆ ಶೇ. 55. ಕೆಟ್ಟ ಕಿವಿ 80ರಿಂದ 100ಕ್ಕೆ ಏರಿದರೂ ಒಟ್ಟು ಶೇ. 58.3ಕ್ಕೆ ನಿಲ್ಲುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ ಕನಿಷ್ಠ ಶೇ. 40. ಹಾಗಾಗಿ ಪರೀಕ್ಷೆಯಲ್ಲಿ ಒಳ್ಳೆಯ ಕಿವಿಯ ಬಗ್ಗೆಯೇ ಹೆಚ್ಚು ನಿಗಾ ಇರಲಿ. ಹಳೆಯ ಕೆಲವು ವರದಿಗಳಲ್ಲಿ 4000 ಹರ್ಟ್ಸ್ ಬಿಟ್ಟು ಮೂರು ಆವರ್ತನಗಳ ಸರಾಸರಿ ಬರೆದಿರುತ್ತಾರೆ. ಮೇಲಿನ ಬಲಗಿವಿಗೆ ಹಾಗೆ ಲೆಕ್ಕ ಹಾಕಿದರೆ 65ರ ಬದಲು 61.7 ಬರುತ್ತದೆ. ವಯಸ್ಸಿನಿಂದಲೋ ಶಬ್ದದಿಂದಲೋ ಕಿವಿ ಹೋದವರಿಗೆ ನಷ್ಟ ಹೆಚ್ಚಿರುವುದೇ 4000ದ ಸುತ್ತ ಮತ್ತು ಅದರಾಚೆ. ಆದ್ದರಿಂದ ವರದಿಯಲ್ಲಿ ನಾಲ್ಕೂ ಅಂಕಿ ಇವೆಯೇ ಎಂದು ನೋಡಿಯೇ ಸಹಿ ಮಾಡಿಸಿಕೊಳ್ಳಿ.

ಪರೀಕ್ಷೆಗೆ ಹೋಗುವ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ ಕಿವಿಯ ಗುಗ್ಗೆ ತೆಗೆಸಿಕೊಳ್ಳಿ. ಗುಗ್ಗೆ ತುಂಬಿದ್ದರೆ, ನೆಗಡಿಯಿಂದ ಕಿವಿಯೊಳಗೆ ನೀರು ನಿಂತಿದ್ದರೆ, ಕಿವಿ ಸೋರುತ್ತಿದ್ದರೆ ನಷ್ಟ ಹೆಚ್ಚಾಗಿಯೇ ಕಾಣುತ್ತದೆ. ಅದರಿಂದ ಲಾಭವೇನೂ ಇಲ್ಲ. ಪ್ರಮಾಣಪತ್ರ ಕೊಡುವುದು ಶಾಶ್ವತ ದೋಷಕ್ಕೆ. ಇಂಪೀಡೆನ್ಸ್ ಪರೀಕ್ಷೆಯಲ್ಲಿ ಮಧ್ಯಕಿವಿಯ ತೊಂದರೆ ಕಂಡರೆ, ಅಥವಾ ಗಾಳಿಯ ಮೂಲಕ ಕೇಳುವುದಕ್ಕೂ ಮೂಳೆಯ ಮೂಲಕ ಕೇಳುವುದಕ್ಕೂ ಅಂತರ ಹೆಚ್ಚಿದ್ದರೆ, 'ಮೊದಲು ಚಿಕಿತ್ಸೆ ಮಾಡಿಸಿ ಬನ್ನಿ' ಎಂದು ಕಳಿಸುತ್ತಾರೆ, ಅದು ನ್ಯಾಯವೇ. ಈಗಾಗಲೇ ಚಿಕಿತ್ಸೆಯೋ ಶಸ್ತ್ರಚಿಕಿತ್ಸೆಯೋ ಆಗಿದ್ದರೆ ಆ ಚೀಟಿಗಳನ್ನು ತಪ್ಪದೆ ಒಯ್ಯಿರಿ. ಅವು ಇದ್ದರೆ ಈ ಮಾತು ಅಲ್ಲಿಗೇ ಮುಗಿಯುತ್ತದೆ. ಹಿಂದಿನ ದಿನ ಡ್ರಿಲ್, ಡಿಜೆ, ಕಾರ್ಖಾನೆಯ ಪಾಳಿ ಬೇಡ. ಜೋರು ಶಬ್ದದ ನಂತರ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ, ಎರಡು ಪರೀಕ್ಷೆಗಳ ಅಂಕಿ ಒಂದಕ್ಕೊಂದು ಹೊಂದುವುದಿಲ್ಲ.

ಪರೀಕ್ಷೆ ಶ್ರವಣ ಯಂತ್ರ ತೆಗೆದಿಟ್ಟೇ ನಡೆಯುತ್ತದೆ. ಯಂತ್ರ ಹಾಕಿಕೊಂಡರೆ ಶೇಕಡಾ ಕಡಿಮೆಯಾಗುತ್ತದೆ ಎಂಬ ಭಯದಿಂದ ಯಂತ್ರವನ್ನೇ ಕೊಳ್ಳದೆ ವರ್ಷಗಟ್ಟಲೆ ಕೂರುವವರಿದ್ದಾರೆ, ಅದು ಸುಳ್ಳು ಭಯ. ಕೋಣೆಯಲ್ಲಿ ಶಬ್ದ ಎಷ್ಟೇ ಸಣ್ಣದಾಗಿ ಕೇಳಿಸಿದರೂ ಗುಂಡಿ ಒತ್ತಿ, ಕೇಳಿಸದೆ ಊಹೆಯಿಂದ ಒತ್ತಬೇಡಿ. ಕಿವಿಯಲ್ಲಿ ಸದಾ ಗುಂಯ್‌ಗುಡುವ ತೊಂದರೆ ಇದ್ದರೆ ಮೊದಲೇ ತಿಳಿಸಿ. ಒಂದೇ ಸಮನೆ ಬರುವ ಸ್ವರಕ್ಕೆ ಬದಲಾಗಿ ಬಿಟ್ಟುಬಿಟ್ಟು ಬರುವ ಸ್ವರ ಹಾಕಿದರೆ ಒಳಗಿನ ಗುಂಯ್‌ಗೂ ಹೊರಗಿನ ಸ್ವರಕ್ಕೂ ವ್ಯತ್ಯಾಸ ತಿಳಿಯುತ್ತದೆ. ಎರಡು ಕಿವಿಗಳ ನಡುವೆ 40 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಅಂತರವಿದ್ದರೆ ಮಾಸ್ಕಿಂಗ್ (ಒಂದು ಕಿವಿ ಪರೀಕ್ಷಿಸುವಾಗ ಇನ್ನೊಂದಕ್ಕೆ ಗದ್ದಲ ಹಾಕಿ ಮರೆಮಾಡುವುದು) ಮಾಡಿದ್ದಾರೆಯೇ ಎಂದು ಕೇಳಿ. ಕೆಟ್ಟ ಕಿವಿಗೆ ಹಾಕಿದ ಜೋರು ಶಬ್ದ ತಲೆಬುರುಡೆಯ ಮೂಲಕ ಒಳ್ಳೆಯ ಕಿವಿಗೆ ದಾಟುತ್ತದೆ. ಮಾಸ್ಕಿಂಗ್ ಇಲ್ಲದಿದ್ದರೆ ಏನೂ ಕೇಳದ ಕಿವಿಯೂ ಸ್ವಲ್ಪ ಕೇಳಿಸುವ ಕಿವಿಯಂತೆ ದಾಖಲಾಗುತ್ತದೆ.

ಸ್ವರದ ಪರೀಕ್ಷೆಯ ಜೊತೆಗೆ ಮಾತಿನ ಪರೀಕ್ಷೆಯನ್ನೂ ಮಾಡಿಸಿ. ಪದಗಳನ್ನು ಹೇಳಿಸಿ ಮರುನುಡಿಸುವ ಈ ಪರೀಕ್ಷೆಯ ಮಟ್ಟ ಸ್ವರದ ಸರಾಸರಿಗೆ ಹತ್ತಿರ ಇರಬೇಕು. ಸ್ವರದಲ್ಲಿ 70, ಮಾತಿನಲ್ಲಿ 40 ಎಂದು ಬಂದರೆ ಪ್ರಮಾಣಪತ್ರ ಕೊಡುವ ವೈದ್ಯರ ತಂಡಕ್ಕೆ ಸಂಶಯ ಬಂದೇ ಬರುತ್ತದೆ. ಆಗ ಬೇರಾ ಅಥವಾ ಎಎಸ್‌ಎಸ್‌ಆರ್ ಬರೆಯುತ್ತಾರೆ. ಇವು ತಲೆಗೆ ತಂತಿ ಅಂಟಿಸಿ ನರದ ಪ್ರತಿಕ್ರಿಯೆಯನ್ನೇ ಅಳೆಯುವ ಪರೀಕ್ಷೆಗಳು, ನಮ್ಮ ಉತ್ತರ ಬೇಕಿಲ್ಲ. ಬರೆದರೆ ಅವಮಾನವೆಂದು ತಿಳಿಯಬೇಡಿ. ನಿಜವಾದ ನಷ್ಟ ಇರುವವರಿಗೆ ಅದೇ ದೊಡ್ಡ ಆಧಾರ. ಒಂದು ಸೂಕ್ಷ್ಮ ಮಾತ್ರ ಗೊತ್ತಿರಲಿ: ಕ್ಲಿಕ್ ಶಬ್ದದ ಬೇರಾ ಮುಖ್ಯವಾಗಿ 2000ದಿಂದ 4000 ಹರ್ಟ್ಸ್‌ನ ಭಾಗವನ್ನು ತೋರಿಸುತ್ತದೆ. ಕೆಳಗಿನ ಆವರ್ತನಗಳಲ್ಲಿ ನಷ್ಟ ಹೆಚ್ಚಿರುವವರಿಗೆ ಅದೊಂದೇ ಸಾಲದು, ಆವರ್ತನವಾರು ಅಳೆಯುವ ಎಎಸ್‌ಎಸ್‌ಆರ್ ಕೇಳಬೇಕು. ಚಿಕ್ಕ ಮಕ್ಕಳಿಗೆ ಇವೇ ಮುಖ್ಯ ಪರೀಕ್ಷೆಗಳು. ಮಗು ನಿದ್ದೆಯಲ್ಲಿರಬೇಕು, ಆದ್ದರಿಂದ ದಾರಿಯಲ್ಲಿ ಮಲಗಲು ಬಿಡದೆ ಕರೆದೊಯ್ಯಿರಿ. ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಕೊನೆಯ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಅವಧಿ ಮುಗಿದರೆ ಸೌಲಭ್ಯಗಳೂ ನಿಲ್ಲುತ್ತವೆ.

ಪ್ರಮಾಣಪತ್ರ ಕೊಡುವ ಆಸ್ಪತ್ರೆ ತನ್ನದೇ ಪರೀಕ್ಷೆ ಮಾಡುತ್ತದೆ. ಹಾಗಿದ್ದರೂ ಹೊರಗೆ ಒಮ್ಮೆ ಮಾಡಿಸುವುದು ಒಳ್ಳೆಯದು. ನಿಮ್ಮ ಅಂಕಿ 60 ಡೆಸಿಬಲ್ ಹತ್ತಿರ ಇದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ, ಮುಂದೆ ವ್ಯತ್ಯಾಸ ಬಂದರೆ ಕೇಳಲು ಕೈಯಲ್ಲೊಂದು ದಾಖಲೆ ಇರುತ್ತದೆ. ಬೆಂಗಳೂರಿನಲ್ಲಿ ಲಿಂಗರಾಜಪುರದ ಕಡೆಯ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲಿ ಮಾಡಿಸಿದರೂ ಶಬ್ದ ಒಳಬರದ ಕೋಣೆ ಇರಬೇಕು, ವರದಿಯಲ್ಲಿ ಆಡಿಯಾಲಜಿಸ್ಟರ (ಶ್ರವಣ ಪರೀಕ್ಷಾ ತಜ್ಞರ) ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ನೋಂದಣಿ ಸಂಖ್ಯೆ ಇರಬೇಕು. ಶ್ರವಣ ಯಂತ್ರದ ಅಂಗಡಿಗಳ ಉಚಿತ ತಪಾಸಣೆಯ ಚೀಟಿ ಇದಕ್ಕೆ ಸಾಲದು.

ಅರ್ಜಿ ಕೇಂದ್ರ ಸರಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಆಧಾರ್, ಫೋಟೋ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಬೇಕು. ಇಲ್ಲಿ ಹೆಸರಿನ ಇನಿಷಿಯಲ್ ಬಹಳ ಜನರನ್ನು ಸಿಕ್ಕಿಸುತ್ತದೆ. ಆಧಾರ್‌ನಲ್ಲಿ ಹೆಸರಿನ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ರೇಷನ್ ಕಾರ್ಡಿನಲ್ಲಿ ಇಲ್ಲವೇ ಇಲ್ಲ ಎಂದಾದರೆ ಕಾರ್ಡ್ ಬರುತ್ತದೆ, ಮಾಸಾಶನದ ಹೊತ್ತಿಗೆ ತಡೆಯಾಗುತ್ತದೆ. ಆಧಾರ್‌ನಲ್ಲಿರುವಂತೆಯೇ ಅಕ್ಷರ ಬಿಡದೆ ತುಂಬಿ. ಹಳೆಯ ಕಾಗದದ ಪ್ರಮಾಣಪತ್ರ ಇದ್ದರೆ ಅದನ್ನೂ ಅಪ್‌ಲೋಡ್ ಮಾಡಿ. ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲಿರುವ ಫೋನಿನದೇ ಇರಲಿ. ಒಟಿಪಿ, ಸಂದೇಶಗಳನ್ನು ನಾವೇ ಓದಬಹುದು. ಕಚೇರಿಯಿಂದ ಕರೆ ಬಂದರೆ ಎಂದು ಮನೆಯವರ ಸಂಖ್ಯೆಯನ್ನು ಅರ್ಜಿಯ ಪ್ರತಿಯ ಮೇಲೆ ಬರೆದು ಕೊಡಿ.

ಆಸ್ಪತ್ರೆ ಆರಿಸುವಾಗ ಮನೆಗೆ ಹತ್ತಿರ ಎಂಬುದೊಂದನ್ನೇ ನೋಡಬೇಡಿ, ಇಎನ್‌ಟಿ ತಜ್ಞರೂ ಆಡಿಯೋಮೆಟ್ರಿಯೂ (ಕಿವಿ ಪರೀಕ್ಷೆ) ಒಂದೇ ಕಡೆ ಇವೆಯೇ ನೋಡಿ. ವಿಕ್ಟೋರಿಯಾ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್‌ನಂಥ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗವಿದೆ. ಅಂಗವಿಕಲತೆ ಪ್ರಮಾಣಪತ್ರಕ್ಕೆ ವಾರದ ಯಾವ ದಿನ ಎಂದು ಮೊದಲೇ ಹೋಗಿ ಕೇಳಿ ಬನ್ನಿ. ಆ ದಿನ ಓಪಿಡಿ ಚೀಟಿ, ಅರ್ಜಿಯ ಮುದ್ರಿತ ಪ್ರತಿ, ಆಧಾರ್‌ನ ಮೂಲ ಮತ್ತು ಜೆರಾಕ್ಸ್, ಫೋಟೋ, ಹಳೆಯ ವರದಿಗಳು ಜೊತೆಗಿರಲಿ. ಸರದಿಯನ್ನು ಬಾಯಲ್ಲಿ ಕೂಗುತ್ತಾರೆ, ನಮಗೆ ಕೇಳಿಸುವುದಿಲ್ಲ. ನಾನು ದೊಡ್ಡ ಅಕ್ಷರದಲ್ಲಿ 'ನನಗೆ ಕಿವಿ ಕೇಳಿಸುವುದಿಲ್ಲ, ನನ್ನ ನಂಬರ್ ಬಂದಾಗ ಕೈ ಸನ್ನೆ ಮಾಡಿ' ಎಂದು ಬರೆದ ಹಾಳೆಯನ್ನು ಕೌಂಟರಿನವರಿಗೆ ತೋರಿಸಿ, ಅವರ ಕಣ್ಣಿಗೆ ಬೀಳುವ ಕಡೆ ಕೂರುತ್ತೇನೆ. ಕಿವುಡರ ವಿಭಾಗದಲ್ಲೇ ಹೀಗೆ ಕೂಗಿ ಕರೆಯುವ ಪದ್ಧತಿ ಬದಲಾಗಲೇಬೇಕು. ಅಲ್ಲಿಯವರೆಗೆ ಹಾಳೆಯೇ ಗತಿ.

ವಿಕಲಚೇತನರ ಹಕ್ಕುಗಳ ಕಾಯ್ದೆಯ 2024ರ ತಿದ್ದುಪಡಿ ನಿಯಮಗಳ ಪ್ರಕಾರ ಅರ್ಜಿ ಬಂದ ಮೂರು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕು. ಅರ್ಜಿ ಹಾಕಿ ಪರೀಕ್ಷೆಗೆ ಹೋಗದೆ ಬಿಟ್ಟರೆ ಎರಡು ವರ್ಷದ ಮೇಲೆ ಅರ್ಜಿ ನಿಷ್ಕ್ರಿಯವಾಗುತ್ತದೆ. ಕಾರ್ಡಿಗೆ ಮೂರು ಬಣ್ಣ: ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಕಾರ್ಡ್ ಕೈಗೆ ಬಂದಿತೆಂದು ಮಾಸಾಶನಕ್ಕೆ ಓಡುವವರಿದ್ದಾರೆ, ಅದರಿಂದ ಸಿಗದು.

ಕಾರ್ಡ್ ಬಂದ ಮಾತ್ರಕ್ಕೆ ಯಾವ ಸೌಲಭ್ಯವೂ ತಾನಾಗಿ ಬರುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಕಚೇರಿ, ಬೇರೆ ಅರ್ಜಿ. ಮಾಸಾಶನಕ್ಕೆ ನಾಡಕಚೇರಿ, ಮಂಜೂರು ಮಾಡುವವರು ತಹಸೀಲ್ದಾರರು. ಆದಾಯ ಮಿತಿ ಬಹಳ ಕಡಿಮೆ, ಸಂಬಳದ ಕುಟುಂಬಗಳು ಅದರೊಳಗೆ ಬರುವುದಿಲ್ಲ. ಮೊತ್ತದಲ್ಲಿ ಎರಡು ಹಂತ, ಶೇ. 40ರಿಂದ ಒಂದು, 75ರಿಂದ ಇನ್ನೊಂದು. ಸಂಧ್ಯಾ ಸುರಕ್ಷಾ ಅಥವಾ ವಿಧವಾ ವೇತನ ಬರುತ್ತಿದ್ದರೆ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ಆಧಾರ್ ವಿಳಾಸ ತುಮಕೂರಿನದೋ ಹಾಸನದ್ದೋ ಆಗಿದ್ದರೆ ಇಲ್ಲಿನ ನಾಡಕಚೇರಿ ತೆಗೆದುಕೊಳ್ಳುವುದು ಕಷ್ಟ, ವಿಳಾಸ ಬದಲಿಸಿಕೊಂಡೇ ಹೋಗಿ. ಮಂಜೂರಾತಿ ಆದೇಶ ಬಂದೂ ಹಣ ಬರದಿದ್ದರೆ ಬ್ಯಾಂಕಿಗೆ ಹೋಗಿ 'ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗಿದೆ' ಎಂದು ಕೇಳಿ. ಖಾತೆಗೆ ಆಧಾರ್ ಜೋಡಿಸುವುದು ಬೇರೆ, ಸರಕಾರದ ಹಣ ಬೀಳುವ ಖಾತೆ ಇದೇ ಎಂದು ಗುರುತಿಸುವುದು ಬೇರೆ.

ಶ್ರವಣ ಯಂತ್ರಕ್ಕೆ ಕೇಂದ್ರದ ಅಡಿಪ್ ಯೋಜನೆ ಇದೆ. ತಿಂಗಳ ಆದಾಯ 22,500 ರೂ. ವರೆಗೆ ಪೂರ್ತಿ ಉಚಿತ, 30,000 ರೂ. ವರೆಗೆ ಅರ್ಧ ಬೆಲೆ. ಕೇಂದ್ರ ಸರಕಾರದ ಸಂಸ್ಥೆ ಅಲಿಮ್ಕೊ ನಡೆಸುವ ಶಿಬಿರಗಳಲ್ಲಿ ಕೊಡುತ್ತಾರೆ. ಯಂತ್ರ ಕೈಗೆ ಬಂದ ಕೂಡಲೇ ಎದ್ದು ಬರಬೇಡಿ. ನಿಮ್ಮ ಆಡಿಯೋಗ್ರಾಮ್‌ಗೆ (ಕಿವಿ ಪರೀಕ್ಷೆಯ ನಕ್ಷೆಗೆ) ತಕ್ಕಂತೆ ಹೊಂದಿಸಿಕೊಡಲು ಹೇಳಿ, ನಿಮ್ಮ ಕಿವಿಯ ಅಚ್ಚು ತೆಗೆದು ಮಾಡಿದ ಇಯರ್ ಮೋಲ್ಡ್ ಕೇಳಿ. ಸಿದ್ಧ ರಬ್ಬರ್ ತುದಿ ಸಡಿಲವಿದ್ದರೆ ಒಳಗಿನ ಶಬ್ದ ಸೋರಿ ಮೈಕಿಗೆ ಮರಳಿ ಹೋಗಿ ಕೀಂಯ್ ಎನ್ನುತ್ತದೆ. ಆಗ ಜನ ಶಬ್ದ ಇಳಿಸುತ್ತಾರೆ, ಕೇಳಿಸುವುದಿಲ್ಲ, ಯಂತ್ರ ಬೀರು ಸೇರುತ್ತದೆ.

ಸಂಬಳದವರಿಗೆ ತೆರಿಗೆ ಹಾಕುವ ಆದಾಯದಲ್ಲಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 80ಯು ಕಲಮು) ಶೇ. 40ರ ಮೇಲೆ 75,000 ರೂ., ಶೇ. 80ರ ಮೇಲೆ 1,25,000 ರೂ. ಕಡಿತ ಸಿಗುತ್ತದೆ. ಅವಲಂಬಿತ ಮಗುವಿಗೋ ತಂದೆತಾಯಿಗೋ ದೋಷವಿದ್ದರೂ ಇಷ್ಟೇ ಮೊತ್ತ (1961ರ ಕಾಯ್ದೆಯಲ್ಲಿ 80ಡಿಡಿ). ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಇದು. ಕೆಎಸ್‌ಆರ್‌ಟಿಸಿಯ ವಿಕಲಚೇತನರ ಪಾಸಿಗೆ ಅರ್ಜಿ ಸೇವಾ ಸಿಂಧುವಿನಲ್ಲಿ. ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಹೇಗೂ ಉಚಿತ. ರೈಲಿನಲ್ಲಿ ಕಿವಿ ಮಾತ್ರ ಕೇಳಿಸದಿದ್ದರೆ ರಿಯಾಯಿತಿ ಇಲ್ಲ. ಶ್ರವಣ ಮತ್ತು ಮಾತು ಎರಡೂ ಪೂರ್ತಿ ಇಲ್ಲದವರಿಗೆ ಶೇ. 50 ಉಂಟು, ಜೊತೆಗೆ ಬರುವ ಒಬ್ಬರಿಗೂ. ನಿರಾಮಯ ಎಂಬ ಆರೋಗ್ಯ ವಿಮೆ ಶ್ರವಣದೋಷವೊಂದಕ್ಕೇ ಅನ್ವಯಿಸುವುದಿಲ್ಲ, ಮಾಡಿಸಿಕೊಡುತ್ತೇವೆಂದು ಹಣ ಕೇಳಿದರೆ ಕೊಡಬೇಡಿ.

ಪೀಣ್ಯದಂಥ ಕಡೆ ಪ್ರೆಸ್, ಗ್ರೈಂಡಿಂಗ್ ಯಂತ್ರಗಳ ನಡುವೆ ದುಡಿದು ಕಿವಿ ಹೋದವರ ದಾರಿ ಬೇರೆಯೇ. ಶಬ್ದದಿಂದಾದ ಶ್ರವಣದೋಷ ವೃತ್ತಿ ಕಾಯಿಲೆಗಳ ಪಟ್ಟಿಯಲ್ಲಿದೆ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ಅಲ್ಲಿನ ವೈದ್ಯಕೀಯ ಮಂಡಳಿ ದುಡಿಯುವ ಶಕ್ತಿಯ ನಷ್ಟವನ್ನು ನಿರ್ಧರಿಸುತ್ತದೆ. ಯುಡಿಐಡಿಯ ಶೇ. 40 ಇಲ್ಲಿ ಅಳತೆಗೋಲಲ್ಲ. ಆಡಿಯೋಗ್ರಾಮ್‌ನಲ್ಲಿ 4000 ಹರ್ಟ್ಸ್‌ನ ಹತ್ತಿರ ತಗ್ಗು ಕಾಣುವುದು ಇದರ ಗುರುತು. ಕೆಲಸಕ್ಕೆ ಸೇರಿದಾಗಿನ ಮತ್ತು ಆಮೇಲಿನ ವಾರ್ಷಿಕ ಪರೀಕ್ಷೆಗಳ ಪ್ರತಿ, ಯಾವ ವಿಭಾಗದಲ್ಲಿ ಎಷ್ಟು ವರ್ಷ ಇದ್ದಿರಿ ಎಂಬ ದಾಖಲೆಯನ್ನು ಕೆಲಸ ಬಿಡುವ ಮೊದಲೇ ಪಡೆದುಕೊಳ್ಳಿ.

ಪ್ರಮಾಣಪತ್ರದ ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು. ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶವಿದೆ. ಹೊರಗೆ ಮಾಡಿಸಿದ ಆಡಿಯೋಗ್ರಾಮ್, ಮಾತಿನ ಪರೀಕ್ಷೆ, ಬೇರಾ ವರದಿಗಳನ್ನು ಲಗತ್ತಿಸಿ, ಎರಡು ವರದಿಗಳಲ್ಲಿ ಯಾವ ಕಿವಿಯ ಯಾವ ಆವರ್ತನದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಬರೆದು ಮರುಪರೀಕ್ಷೆ ಕೋರಿ. 5 ಡೆಸಿಬಲ್ ಆಚೀಚೆ ಆಗುವುದು ಸಹಜ, ಅದನ್ನೇ ಹಿಡಿದು ಹೋದರೆ ನಿಲ್ಲುವುದಿಲ್ಲ. ಕಚೇರಿಗಳು ಸೌಲಭ್ಯ ನಿರಾಕರಿಸಿದರೆ ದೂರು ಕೊಡಬೇಕಾದ್ದು ಶೇಷಾದ್ರಿಪುರಂನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರ ಕಚೇರಿಗೆ. ದೂರಿನ ಕೊನೆಯಲ್ಲಿ, ವಿಚಾರಣೆಗೆ ಸನ್ನೆ ಭಾಷೆಯ ದುಭಾಷಿ ಬೇಕೋ ಅಥವಾ ಎಲ್ಲವೂ ಬರಹದಲ್ಲಿ ಬೇಕೋ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ.