ತೊಟ್ಟಿಮನೆಯ ಮತ್ತು ಮನೆತನದ ಚರಿತ್ರೆಯನ್ನು ಬರೆದಿಡುವ ಬಗೆ

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಉಳಿದಿರುವ ತೊಟ್ಟಿಮನೆಗಳು, ಅಂದರೆ ನಡುವೆ ತೆರೆದ ಅಂಗಳವಿರುವ ಹಳೆಯ ಮನೆಗಳು, ಪಾಲಿಗೆ ಸಿಕ್ಕಿ ಒಡೆದುಹೋಗುತ್ತಿವೆ. ಮನೆಯನ್ನು ಉಳಿಸಿಕೊಳ್ಳಲಾಗದವರು ಕೂಡ ಅದರ ಚರಿತ್ರೆಯನ್ನು ಬರೆದಿಡಬಹುದು, ಬರೆದಿಡಬೇಕು.

ದಾಖಲೆ ಹುಡುಕಲು ಸರ್ಕಾರಿ ಕಚೇರಿಗೆ ಹೋಗುವ ಮುನ್ನ ಮನೆತನದ ಹಿರಿಯ ಹೆಂಗಸರನ್ನು ಕಾಣಿರಿ. ಸೊಸೆಯಾಗಿ ಬಂದವರನ್ನೂ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳನ್ನೂ ಕೇಳಬೇಕು. ‘ಮನೆ ಕಟ್ಟಿಸಿದವರು ಯಾರು’ ಎಂದು ಆರಂಭಿಸುವುದಕ್ಕಿಂತ, ಸಾಧ್ಯವಾದರೆ ಅವರೊಡನೆ ಜಗಲಿಯಿಂದ ಹಿತ್ತಲಿನವರೆಗೆ ನಡೆಯುತ್ತಾ, ರಾಗಿ ತುಂಬಿಡುವ ವಾಡೆ ಎಲ್ಲಿತ್ತು, ಬಾಣಂತಿಯರನ್ನು ಯಾವ ಕೋಣೆಯಲ್ಲಿ ಇರಿಸುತ್ತಿದ್ದರು, ಒಲೆ ಬೇರೆಯಾದದ್ದು ಯಾವಾಗ ಎಂದು ವಿಚಾರಿಸುವುದು ಒಳ್ಳೆಯದು. ಒಲೆ ಬೇರೆಯಾದ ದಿನವೇ ಕುಟುಂಬ ನಿಜವಾಗಿ ಬೇರೆಯಾದ ದಿನ. ಆಸ್ತಿ ಹಂಚಿಕೆಯ ಪತ್ರವಾದ ಪಾಲುಪಾರೀಕತ್ತು ನೋಂದಣಿಯಾಗುವುದು ಎಷ್ಟೋ ವರ್ಷಗಳ ಮೇಲೆ. ನಿಮ್ಮ ಮನೆತನಕ್ಕೆ ಹೆಳವರು ಬಂದು ವಂಶಾವಳಿ ಹೇಳುವ ವಾಡಿಕೆಯಿದ್ದರೆ, ಅವರು ಹೇಳಿದ್ದನ್ನು ತಿದ್ದದೆ ದಾಖಲಿಸಿಕೊಳ್ಳಿ.

ಕಾಗದಪತ್ರಗಳನ್ನು ಇಂದಿನಿಂದ ಹಿಂದಕ್ಕೆ ಹುಡುಕಬೇಕು. ಅನೇಕರು ಪಹಣಿಯಲ್ಲಿ ಮನೆಯನ್ನು ಹುಡುಕಿ ನಿರಾಶರಾಗುತ್ತಾರೆ. ಪಹಣಿ ಸರ್ವೆ ನಂಬರಿನ ಜಮೀನಿಗೆ ಸಂಬಂಧಿಸಿದ್ದು, ಗ್ರಾಮಠಾಣದೊಳಗಿನ, ಅಂದರೆ ಊರಿನ ಮನೆಗಳಿರುವ ಜಾಗದೊಳಗಿನ, ಮನೆಯ ವಿವರ ಗ್ರಾಮ ಪಂಚಾಯಿತಿಯ ಕಂದಾಯದ ಪುಸ್ತಕದಲ್ಲಿರುತ್ತದೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಿಗುವ ಋಣಭಾರ ಪತ್ರದಿಂದ ಕ್ರಯ, ಭೋಗ್ಯ, ವಿಭಾಗಗಳ ಸರಣಿ ತಿಳಿಯುತ್ತದೆಯಾದರೂ, ಊರ ಪಂಚಾಯಿತಿಯಲ್ಲಿ ಬಾಯಿಮಾತಿನಲ್ಲಿ ಆದ ಹಂಚಿಕೆ ಅದರಲ್ಲಿ ಕಾಣುವುದಿಲ್ಲ. ಹಳೆಯ ಪತ್ರ ಸಿಕ್ಕಾಗ ಚಕ್ಕುಬಂದಿಯನ್ನು, ಅಂದರೆ ಆಸ್ತಿಯ ಎಲ್ಲೆಗಳ ವಿವರವನ್ನು, ಗಮನವಿಟ್ಟು ಓದಿರಿ: ನಾಲ್ಕು ದಿಕ್ಕಿನ ನೆರೆಯವರ ಹೆಸರು ಅಲ್ಲಿರುವುದರಿಂದ, ನಿಮ್ಮ ಮನೆಯ ಪತ್ರ ಕಳೆದುಹೋಗಿದ್ದರೂ ನೆರೆಮನೆಯ ಪತ್ರದಲ್ಲಿ ನಿಮ್ಮ ಮುತ್ತಜ್ಜನ ಹೆಸರು ಸಿಗಬಹುದು.

ಊರು ಮತ್ತು ಕಾಲದ ವಿಷಯದಲ್ಲಿ ಎಚ್ಚರ ಬೇಕು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳನ್ನು ಮೈಸೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು. ಪಾಂಡವಪುರವು ಹಿರೋಡೆ ಎಂದೋ ಫ್ರೆಂಚ್ ರಾಕ್ಸ್ ಎಂದೋ ಕಾಣಿಸಿಕೊಳ್ಳುತ್ತದೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ‘ಪ್ರಭವ’ ಎಂದಷ್ಟೇ ಬರೆದಿದ್ದರೆ ಅದು 1867 ಆಗಬಹುದು, 1927 ಕೂಡ ಆಗಬಹುದು. ಶಕವರ್ಷ ನಮೂದಾಗಿಲ್ಲದಿದ್ದರೆ, ಸಾಕ್ಷಿ ಹಾಕಿದವರು ಯಾವ ತಲೆಮಾರಿನವರೆಂದು ನೋಡಿ ನಿರ್ಧರಿಸಿರಿ.

ಹೆಂಚಿನ ಅಡಿಯ ಮುದ್ರೆಯೂ ದಾರಿ ತಪ್ಪಿಸುತ್ತದೆ. ಬಾಸೆಲ್ ಮಿಷನ್ ಹೆಂಚಿನ ಮೇಲಿನ 1865 ಎಂಬುದು ಮಂಗಳೂರಿನಲ್ಲಿ ಕಾರ್ಖಾನೆ ಆರಂಭವಾದ ವರ್ಷ, ನಿಮ್ಮ ಮನೆಯ ಹೆಂಚು ಸುಟ್ಟ ವರ್ಷವಲ್ಲ. ಮೊದಲು ನಾಡಹೆಂಚು ಹೊದಿಸಿದ್ದ ಮನೆಗೆ ಆಮೇಲೆ ಮಂಗಳೂರು ಹೆಂಚು ಬಂದಿರುವುದೂ ಸಾಮಾನ್ಯ.

ವಂಶವೃಕ್ಷ ಬರೆಯುವಾಗ ಹೆಚ್ಚಿನ ಶ್ರಮವನ್ನು ಹೆಣ್ಣುಮಕ್ಕಳ ಹೆಸರಿಗೆ ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಮಹಿಳೆಯರ ಆಸ್ತಿ ಹಕ್ಕನ್ನು ವಿಸ್ತರಿಸಿದ ಕಾಯಿದೆ ಬಂದದ್ದು 1933ರಲ್ಲಿ. ಅದಕ್ಕೂ ಹಿಂದಿನ ಆಸ್ತಿಪತ್ರಗಳಲ್ಲಿ ಅವರನ್ನು ಕಾಣುವುದು ಕಷ್ಟ, ಕಂಡರೂ ‘ಇಂಥವರ ಹೆಂಡತಿ’ ಎಂಬಷ್ಟರಲ್ಲೇ ಮುಗಿದಿರುತ್ತದೆ. ಪ್ರತಿಯೊಬ್ಬ ಸೊಸೆಯ ಹೆಸರಿನ ಮುಂದೆ ತವರೂರನ್ನೂ, ಪ್ರತಿಯೊಬ್ಬ ಮಗಳ ಮುಂದೆ ಕೊಟ್ಟ ಊರನ್ನೂ ಬರೆಯಿರಿ. ಹೆಸರು ತಿಳಿಯದ ಕಡೆ ವಂಶವೃಕ್ಷದಿಂದ ಆಕೆಯನ್ನು ಬಿಟ್ಟುಬಿಡದೆ ಖಾಲಿ ಗೆರೆಯೊಂದನ್ನು ಎಳೆದಿಡಿ, ಆ ತವರೂರಿಗೆ ಹೋದಾಗ ವಿಚಾರಿಸಿ ತುಂಬಬಹುದು.