ಬಳ್ಳಾರಿಯಲ್ಲಿ ಸೈಕಾಲಜಿ ಓದುವವರಿಗೆ ತರಗತಿಯ ಹೊರಗೆ ಏನಿದೆ: ನನ್ನ ಅನುಭವ

ಬಿಎಯಲ್ಲಿ ಸೈಕಾಲಜಿ ತೆಗೆದುಕೊಂಡ ಮಕ್ಕಳು ನನ್ನ ಹತ್ತಿರ ಬಂದಾಗ ಹೆಚ್ಚಾಗಿ ಕೇಳುವುದು ಇದನ್ನೇ: "ಮೇಡಂ, ಇಂಟರ್ನ್‌ಶಿಪ್ ಅಂದ್ರೆ ಬೆಂಗಳೂರಿಗೇ ಹೋಗ್ಬೇಕಲ್ಲ? ಇಲ್ಲಿ ಏನೈತಿ?" ನಾನು ಇದೇ ಊರಿನಲ್ಲಿ ಬಿಎ ಮಾಡಿದವಳು. ಆಮೇಲೆ ಧಾರವಾಡದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಈಗ ಆಪ್ತ ಸಮಾಲೋಚಕಿಯಾಗಿದ್ದೇನೆ. ನನ್ನ ಈಗಿನ ಕೆಲಸಕ್ಕೆ ಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಎ ಓದುವಾಗಲೇ, ತರಗತಿಯ ಹೊರಗೆ, ಇಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಕಲಿತೆ.

ಮೊದಲು ನಮ್ಮ ಜಿಲ್ಲೆಯ ಬಗ್ಗೆ ಒಂದು ಸಂಗತಿ. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ನಡೆಸುವುದು ಹೇಗೆ ಎಂದು ತಿಳಿಯಲು ನಿಮ್ಹಾನ್ಸ್‌ನವರು 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಈಗ ವಿಜಯನಗರ ಜಿಲ್ಲೆಗೆ ಹೋಗಿರುವ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಆಗ ಬಳ್ಳಾರಿಯಲ್ಲೇ ಇದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಗುಳಿಗೆ ಅಲ್ಲೇ ಸಿಗುವ ಹಾಗೆ ಮಾಡಿದರು. ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ತಂಡ ಇಟ್ಟರು. ಮೂರ್ಛೆ ರೋಗದವರಿಗೂ ಅದರಲ್ಲೇ ಚಿಕಿತ್ಸೆ ಸಿಕ್ಕಿತು. ಈ ಪ್ರಯೋಗಕ್ಕೆ 'ಬಳ್ಳಾರಿ ಮಾದರಿ' ಎಂದೇ ಹೆಸರು ಬಂತು. ಅದನ್ನೇ ಆಧಾರ ಮಾಡಿಕೊಂಡು 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು, ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಇದನ್ನು ನನಗೆ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ ಉಚಿತವಾಗಿ ಓದಲು ಸಿಗುತ್ತದೆ. ಅದರಲ್ಲಿ ಏನನ್ನೋ ಹುಡುಕುವಾಗ ನಮ್ಮ ಊರಿನ ಹೆಸರು ಕಂಡಿತು. ದೇಶದ ಮನೋವೈದ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುವ ಹೆಸರು ನಮ್ಮ ಮನೆ ವಿಳಾಸದಲ್ಲಿದೆ ಎಂದು ತಿಳಿದ ಮೇಲೆ ಸುಮ್ಮನೆ ಕೂರಲು ಮನಸ್ಸಾಗಲಿಲ್ಲ.

ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಬರೆಸಿಕೊಂಡು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಚೇರಿಗೆ ಹೋದೆ. ಪತ್ರ ಹೇಗಿರಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. 'ನಮ್ಮ ವಿದ್ಯಾರ್ಥಿನಿಗೆ ಇಂಟರ್ನ್‌ಶಿಪ್ ಅವಕಾಶ ಕೊಡಬೇಕಾಗಿ ವಿನಂತಿ' ಎಂದಷ್ಟೇ ಬರೆದರೆ ಅದು ಫೈಲಿನಲ್ಲಿ ಉಳಿಯುತ್ತದೆ. ಕೆಲಸದ ಒತ್ತಡದಲ್ಲಿರುವವರಿಗೆ ನೀವು ಇನ್ನೊಂದು ಹೊರೆ. ಹಾಗಾಗಿ ನಾನು ಏನು ಮಾಡಬಲ್ಲೆ ಎಂದು ಬರೆಸಿದೆ: ವಾರದಲ್ಲಿ ಯಾವ ದಿನ ಎಷ್ಟು ಹೊತ್ತು ಬರುತ್ತೇನೆ, ಕನ್ನಡ ಮತ್ತು ತೆಲುಗಿನಲ್ಲಿ ಮಾತಾಡಬಲ್ಲೆ, ರಿಜಿಸ್ಟರ್ ಬರೆಯುತ್ತೇನೆ, ಬಂದವರನ್ನು ಸರಿಯಾದ ಕೋಣೆಗೆ ಕರೆದೊಯ್ಯುತ್ತೇನೆ, ರೋಗಿಯ ಒಪ್ಪಿಗೆ ಇಲ್ಲದೆ ಒಳಗೆ ಕೂರುವುದಿಲ್ಲ, ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಓದಿದ ಅಧಿಕಾರಿ "ನಾಳೆಯಿಂದ ಬರ್ರಿ" ಎಂದರು.

ಕರ್ನಾಟಕದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಯುತ್ತದೆ, 'ಸೂಪರ್ ಟ್ಯೂಸ್‌ಡೇ' ಎಂದೂ ಕರೆಯುತ್ತಾರೆ. ತಂಡದ ಜೊತೆ ನಾನೂ ಹೋಗತೊಡಗಿದೆ. ಅಲ್ಲಿ ನಾನು ಕಲಿತದ್ದು ಮುಖ್ಯವಾಗಿ ಒಬ್ಬ ಸಮಾಜ ಕಾರ್ಯಕರ್ತೆಯಿಂದ. ಪಠ್ಯದಲ್ಲಿ ಕೇಸ್ ಹಿಸ್ಟರಿ ಎಂದರೆ ಒಂದರ ಕೆಳಗೊಂದು ಶೀರ್ಷಿಕೆ: ದೂರು, ಅವಧಿ, ನಿದ್ರೆ, ಹಸಿವು, ಕುಟುಂಬದ ಇತಿಹಾಸ. ಅವರು ಆ ಹಾಳೆಯನ್ನು ಮಗುಚಿ ಇಟ್ಟು ಮಾತು ಶುರು ಮಾಡುತ್ತಿದ್ದರು. ಒಬ್ಬ ಅಜ್ಜಿ ಮಗನನ್ನು ಕರೆದುಕೊಂಡು ಬಂದಿದ್ದರು. ಮಗ ಗೋಡೆ ನೋಡುತ್ತ ಕೂತಿದ್ದ.

"ಅಜ್ಜಿ, ಯಾ ಬಸ್ಸಿಗೆ ಬಂದ್ರಿ? ಉಂಡು ಬಂದಿರೇನು?"

"ನಾನು ಉಂಡೀನವ್ವ. ಇವನೇ ಉಣ್ಣವಲ್ಲ."

"ಯಾವಾಗಿಂದ ಉಣ್ಣವಲ್ಲ?"

"ಭಾಳ ದಿನ ಆತವ್ವ."

ಭಾಳ ದಿನ ಎಂದರೆ ಎಷ್ಟು? ನಾನಾಗಿದ್ದರೆ ಒಂದು ತಿಂಗಳಾ, ಎರಡು ತಿಂಗಳಾ ಎಂದು ಕೇಳುತ್ತಿದ್ದೆ, ಅಜ್ಜಿ ಏನೋ ಒಂದು ಹೇಳುತ್ತಿದ್ದರು. ಅವರು ಕೇಳಿದ್ದು: "ಕುರುಗೋಡು ತೇರಿಗೆ ಮುಂಚೇನೋ, ಆಮೇಲೋ?" ಅಜ್ಜಿ ಒಂದು ಕ್ಷಣವೂ ತಡೆಯಲಿಲ್ಲ. ತೇರಿಗೆ ಮಗ ಬಂದಿದ್ದ, ಮಂಡಾಳು ತಿಂದಿದ್ದ, ಮೆಣಸಿನಕಾಯಿ ಬಿಡಿಸಲು ಕೂಲಿಗೂ ಹೋಗಿದ್ದ, ಗುಳಿಗೆ ಬಿಟ್ಟದ್ದು ಅದಾದ ಮೇಲೆ. ಅಷ್ಟರಲ್ಲಿ ಅವಧಿ, ಕೆಲಸ ಮಾಡುವ ಶಕ್ತಿ, ಔಷಧ ನಿಲ್ಲಿಸಿದ ಹೊತ್ತು ಮೂರೂ ಸಿಕ್ಕಿದವು. ನೆನಪನ್ನು ಊರಿನ ಘಟನೆಗಳಿಗೆ ಕಟ್ಟಿ ದಿನಾಂಕ ಹಿಡಿಯುವ ಈ ಕ್ರಮ ಸಂಶೋಧನೆಯಲ್ಲೂ ಬಳಕೆಯಲ್ಲಿದೆ ಎಂದು ಆಮೇಲೆ ಓದಿದೆ. ಆದರೆ ಯಾವ ತೇರು ಯಾವಾಗ, ನಾಟಿ ಯಾವಾಗ, ಕಾಲುವೆಗೆ ನೀರು ಬಿಡುವುದು ಯಾವಾಗ ಎಂದು ಗೊತ್ತಿರುವವರಿಗೆ ಮಾತ್ರ ಅದು ಕೈಗೆ ಬರುತ್ತದೆ. ಸಿರುಗುಪ್ಪ, ಕಂಪ್ಲಿ, ಸಂಡೂರಿನ ಹಳ್ಳಿಗಳಿಂದ ಬಂದು ಓದುವ ನಮ್ಮ ಮಕ್ಕಳಿಗೆ ಇದು ಹುಟ್ಟಿನಿಂದಲೇ ಗೊತ್ತು. ತಮಗೆ ಏನೂ ಗೊತ್ತಿಲ್ಲ ಎಂದುಕೊಂಡು ಬರುವ ಅವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಪ್ರತಿ ಸಂಜೆ ಮನೆಗೆ ಬಂದು ಬರೆಯುತ್ತಿದ್ದೆ. ಹೆಸರು, ಊರು, ಜಾತಿ ಯಾವುದೂ ಇಲ್ಲ; ಏನು ಕೇಳಿದರು, ಏನು ಉತ್ತರ ಬಂತು, ನನಗೆ ಯಾವುದು ತಿಳಿಯಲಿಲ್ಲ, ಅಷ್ಟೇ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಗೌಪ್ಯತೆ ರೋಗಿಯ ಹಕ್ಕು. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಸ್ಟೇಟಸ್‌ಗೆ ಫೋಟೊ ಹಾಕುವುದನ್ನು ನಾನು ಯಾವ ವಿದ್ಯಾರ್ಥಿಗೂ ಬಿಡುವುದಿಲ್ಲ. ಹಿಂದೆ ಕೂತಿರುವವರ ಮುಖ ಅದರಲ್ಲಿ ಬಿದ್ದಿರುತ್ತದೆ.

ಆಸ್ಪತ್ರೆಯ ಕಡೆ ಮನಸ್ಸಿಲ್ಲದವರೂ ಇರುತ್ತಾರೆ, ಇರಬೇಕು ಕೂಡ. ಸೈಕಾಲಜಿ ಎಂದರೆ ಕಾಯಿಲೆ ಮಾತ್ರವಲ್ಲ. ಪ್ರಯೋಗದಲ್ಲಿ ಆಸಕ್ತಿ ಇದ್ದವರಿಗೆ ಬಳ್ಳಾರಿಯಷ್ಟು ಒಳ್ಳೆಯ ಜಾಗ ಕಡಿಮೆ ಎಂದೇ ನನ್ನ ಅಭಿಪ್ರಾಯ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಸ್ಟ್ರೂಪ್ 1935ರಲ್ಲಿ ಮಾಡಿದ ಪ್ರಯೋಗ ಎಲ್ಲರ ಪ್ರಾಕ್ಟಿಕಲ್ ರೆಕಾರ್ಡಿನಲ್ಲೂ ಇರುತ್ತದೆ: ಕೆಂಪು ಎಂಬ ಪದವನ್ನು ನೀಲಿ ಬಣ್ಣದಲ್ಲಿ ಬರೆದು, ಬಣ್ಣ ಯಾವುದು ಹೇಳಿ ಎಂದರೆ ನಾಲಿಗೆ ತಡವರಿಸುತ್ತದೆ. ಲ್ಯಾಬಿನಲ್ಲಿ ಇದ್ದದ್ದು ಇಂಗ್ಲಿಷ್ ಕಾರ್ಡು. ನಾವು ಕೆಲವರು ಸೇರಿ ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಿಂದ ನಮ್ಮದೇ ಪಟ್ಟಿ ಮಾಡಿದೆವು. ಒಂದರಲ್ಲಿ ಕನ್ನಡದ ಬಣ್ಣದ ಹೆಸರುಗಳು, ಇನ್ನೊಂದರಲ್ಲಿ ಉರ್ದು ಲಿಪಿಯಲ್ಲಿ ಉರ್ದು ಹೆಸರುಗಳು, ಮತ್ತೊಂದರಲ್ಲಿ ಅದೇ ಉರ್ದು ಹೆಸರುಗಳು ಕನ್ನಡ ಲಿಪಿಯಲ್ಲಿ, ಹೋಲಿಕೆಗೆಂದು ಬರೀ ಬಣ್ಣದ ಚೌಕಗಳು. ಮನೆಯಲ್ಲಿ ಉರ್ದು ಮಾತಾಡುವ, ಶಾಲೆಯಲ್ಲಿ ಕನ್ನಡ ಮಾತ್ರ ಕಲಿತ ಹಾಸ್ಟೆಲ್ ಹುಡುಗಿಯರನ್ನು ಕೂರಿಸಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದೆವು. ಅಭ್ಯಾಸದಿಂದ ವೇಗ ಬದಲಾಗಬಾರದೆಂದು ಪಟ್ಟಿಗಳ ಅನುಕ್ರಮವನ್ನು ಒಬ್ಬೊಬ್ಬರಿಗೆ ಒಂದೊಂದು ಥರ ಇಟ್ಟೆವು.

ಉರ್ದು ಲಿಪಿಯ ಪಟ್ಟಿಯನ್ನು ಅವರು ಸಲೀಸಾಗಿ ಮುಗಿಸಿದರು, ಹೆಚ್ಚುಕಡಿಮೆ ಬಣ್ಣದ ಚೌಕಗಳಷ್ಟೇ ಬೇಗ. ಆ ಅಕ್ಷರ ಅವರಿಗೆ ಬರುತ್ತಿರಲಿಲ್ಲ, ಅಡ್ಡ ಬರುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅದೇ ಉರ್ದು ಕನ್ನಡ ಲಿಪಿಯಲ್ಲಿ ಬಂದ ಕೂಡಲೇ ತಡವರಿಸಿದರು. ತಡೆಯುವುದು ಮನೆಮಾತಲ್ಲ, ಬೇಡವೆಂದರೂ ತಾನಾಗಿ ನಡೆದುಬಿಡುವ ಓದು ಎಂದು ಆ ಹೊತ್ತು ಕಣ್ಣೆದುರು ಕಂಡಿತು. ಪುಸ್ತಕದಲ್ಲಿ ಹತ್ತು ಸಲ ಓದಿದರೂ ನನಗೆ ಅದು ಹಾಗೆ ತಿಳಿದಿರಲಿಲ್ಲ. ಲೆಕ್ಕ ಮಾಡಲು ಜಾಸ್ಪ್ ಎಂಬ ತಂತ್ರಾಂಶ ಬಳಸಿದೆವು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮಾಡಿದ್ದು, ಪೂರ್ತಿ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯಿತು. ಇಡೀ ಪ್ರಯೋಗಕ್ಕೆ ಖರ್ಚಾದದ್ದು ಡ್ರಾಯಿಂಗ್ ಶೀಟ್ ಮತ್ತು ಪೆನ್ನಿಗೆ.

ಇದೇ ಉತ್ಸಾಹದಲ್ಲಿ ಮಕ್ಕಳು ಇನ್ನೊಂದು ಕೆಲಸಕ್ಕೆ ಕೈ ಹಾಕುತ್ತಾರೆ, ಅದರ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿ ಕನ್ನಡದಲ್ಲೂ ಸಿಗುತ್ತದೆ, ಬಳಸಲು ಅನುಮತಿ ಬೇಕಿಲ್ಲ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27 ಅಂಕ. ಅದನ್ನು ಗೂಗಲ್ ಫಾರ್ಮಿಗೆ ಹಾಕಿ ವಾಟ್ಸಾಪ್ ಗುಂಪುಗಳಿಗೆ ಕಳಿಸಿಬಿಡುತ್ತಾರೆ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಯಾರೋ ಒಬ್ಬರು 'ಹೆಚ್ಚುಕಡಿಮೆ ಪ್ರತಿದಿನ' ಎಂದು ಗುರುತು ಮಾಡಿ ಕಳಿಸಿದರೆ, ಅದನ್ನು ನೀವು ಮುಂದಿನ ವಾರ ಎಕ್ಸೆಲ್ ತೆರೆದಾಗ ನೋಡುತ್ತೀರಿ. ಆ ರಾತ್ರಿಯೇ ಅವರ ಜೊತೆ ಮಾತಾಡುವವರು ಯಾರು ಎಂದು ಮೊದಲೇ ಗೊತ್ತುಮಾಡಿಕೊಳ್ಳದೆ, ಮೇಲ್ವಿಚಾರಣೆಗೆ ಅಧ್ಯಾಪಕರಿಲ್ಲದೆ, ಈ ಪ್ರಶ್ನಾವಳಿಯನ್ನು ಮುಟ್ಟಬೇಡಿ. ನಿದ್ರೆ, ಓದಿನ ಅಭ್ಯಾಸ, ಮೊಬೈಲ್ ಬಳಕೆ ಎಂದು ಕೇಳಬಹುದಾದ ವಿಷಯ ಬೇಕಾದಷ್ಟಿವೆ. ಯಾವ ಸಮೀಕ್ಷೆಯಾದರೂ ಕೊನೆಯಲ್ಲಿ ಟೆಲಿ-ಮಾನಸ್ ಸಂಖ್ಯೆ 14416 ಹಾಕಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಎನ್ಎಸ್ಎಸ್ ಸೇರಿದವರು ಅದನ್ನು ಬರೀ ಕಸ ಗುಡಿಸುವ ಕೆಲಸ ಎಂದುಕೊಳ್ಳಬಾರದು. ಏಳು ದಿನ ಒಂದೇ ಹಳ್ಳಿಯಲ್ಲಿ ಉಳಿಯುವ ವಿಶೇಷ ಶಿಬಿರ ಇರುತ್ತದೆ, ಒಂದು ಹಳ್ಳಿಯನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಪದವಿಯಲ್ಲಿ ಬೇರೆ ಎಲ್ಲೂ ಬರುವುದಿಲ್ಲ. ನಾವು ಮೂರ್ಛೆ ರೋಗದ ಮೇಲೆ ಒಂದು ಬೀದಿ ನಾಟಕ ಮಾಡಿದ್ದೆವು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ ಎಂದು ಹೇಳುವಷ್ಟು ಸಣ್ಣ ನಾಟಕ. ಮುಗಿದ ಮೇಲೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಮನೆಯವರ ವಿಷಯ ಕೇಳಿದರು. ಉತ್ತರ ಹೇಳಲು ನಮ್ಮ ಜೊತೆ ಆರೋಗ್ಯ ಕೇಂದ್ರದವರು ಇದ್ದದ್ದು ಒಳ್ಳೆಯದಾಯಿತು. ಹಾಗೆಯೇ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಯುವ ಸ್ಪಂದನ ಇದೆ. ಅದರಲ್ಲಿ ಯುವ ಪರಿವರ್ತಕರು ಎಂದು ತರಬೇತಿ ಪಡೆದು ಕೆಲಸ ಮಾಡುವವರು ನಿಮ್ಮದೇ ವಯಸ್ಸಿನವರು. ಪದವಿ ಮುಗಿಯುವ ಹೊತ್ತಿಗೆ ಅದರ ಜಿಲ್ಲಾ ಕೇಂದ್ರಕ್ಕೆ ಹೋಗಿ ವಿಚಾರಿಸಿ.

ಓದಿಗೆ ದುಡ್ಡಿಲ್ಲ ಎಂಬುದು ಈಗ ತಡೆಯಾಗಬಾರದು. ಓಪನ್‌ಸ್ಟ್ಯಾಕ್ಸ್‌ನ ಸೈಕಾಲಜಿ ಪಠ್ಯಪುಸ್ತಕ ಪೂರ್ತಿ ಉಚಿತ. ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಪೋರ್ಟಲಿನಲ್ಲಿ ಐಐಟಿ ಅಧ್ಯಾಪಕರ ಸೈಕಾಲಜಿ ಪಾಠಗಳಿವೆ, ಕಲಿಯಲು ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಕಟ್ಟಬೇಕು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯನ್ನು ನಾನು ಎಲ್ಲರಿಗೂ ಓದಿಸುತ್ತೇನೆ: ನೋಡು, ಆಲಿಸು, ಬೇಕಾದ ನೆರವಿಗೆ ಜೋಡಿಸು. ಬಿಎ ವಿದ್ಯಾರ್ಥಿಯ ಮಿತಿಗೆ ಅದು ಸರಿಯಾಗಿ ಹೊಂದುತ್ತದೆ. ಅದಕ್ಕಿಂತ ಮುಂದೆ ಹೋಗಿ ಚಿಕಿತ್ಸೆ ಕೊಡುವ ಹಕ್ಕು ನಮಗಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಬೇಕು, ಅದಕ್ಕೆ ಇನ್ನೂ ಹಲವು ವರ್ಷಗಳ ಓದು ಇದೆ. ಮೈಸೂರಿನಲ್ಲಿ 1935ರಲ್ಲಿ 'ಆಕಾಶವಾಣಿ' ಎಂಬ ರೇಡಿಯೊ ಕೇಂದ್ರವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಸೈಕಾಲಜಿ ಪ್ರಾಧ್ಯಾಪಕರು ಎಂಬುದನ್ನೂ ಮಕ್ಕಳಿಗೆ ನೆನಪಿಸುತ್ತೇನೆ. ಈ ವಿಷಯ ಓದಿದವರು ಎಲ್ಲೆಲ್ಲಿಗೆ ಹೋಗಬಹುದು ಎಂಬ ಕಲ್ಪನೆ ದೊಡ್ಡದಾಗಿರಲಿ.

ದುಡ್ಡು ಕೊಟ್ಟು ಕೊಳ್ಳುವ ಆನ್‌ಲೈನ್ ಇಂಟರ್ನ್‌ಶಿಪ್‌ಗಳ ಬಗ್ಗೆ ನನಗೆ ಸಿಟ್ಟಿದೆ. ನನ್ನ ಸಹಪಾಠಿಯೊಬ್ಬಳು ಮನೆಯಲ್ಲಿ ಬೇಡಿ ಶುಲ್ಕ ಕಟ್ಟಿದಳು. ಬಂದದ್ದು ಕೆಲವು ರೆಕಾರ್ಡೆಡ್ ವಿಡಿಯೊ, ಕೊನೆಗೆ ಇಮೇಲಿನಲ್ಲಿ ಒಂದು ಸರ್ಟಿಫಿಕೇಟ್. ಒಬ್ಬ ಮನುಷ್ಯನ ಜೊತೆಯೂ ಅವಳು ಮಾತಾಡಲಿಲ್ಲ. ಯಾರ ಮೇಲ್ವಿಚಾರಣೆಯಲ್ಲಿ, ಯಾವ ಜಾಗದಲ್ಲಿ, ಯಾವ ಕೆಲಸ ಎಂದು ಕೇಳಿ. ಮೂರಕ್ಕೂ ಉತ್ತರ ಬರದಿದ್ದರೆ ಆ ದುಡ್ಡು ಸ್ನಾತಕೋತ್ತರ ಅರ್ಜಿಗೆ ಇರಲಿ. ಕಲಬುರಗಿ ಜಿಲ್ಲೆಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕಾದರೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು, ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರು ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನು ಕೊನೆಯ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳಿ.

ಈ ವರ್ಷ ನನ್ನ ಜೊತೆ ಕೆಲವು ವಿದ್ಯಾರ್ಥಿನಿಯರು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಹೋಗುತ್ತಿದ್ದಾರೆ. ದಾರ ಕತ್ತರಿಸುವ ಹೆಣ್ಣುಮಕ್ಕಳ ನಿದ್ರೆ ಮತ್ತು ಆಯಾಸ ಅವರ ವಿಷಯ. ಮುದ್ರಿಸಿದ ಪ್ರಶ್ನಾವಳಿ ಅಲ್ಲಿ ನಡೆಯಲಿಲ್ಲ, ಪೀಸಿಗೆ ಇಷ್ಟು ಎಂದು ದುಡಿಯುವವರು ಕತ್ತರಿ ಕೆಳಗಿಟ್ಟು ಪೆನ್ನು ಹಿಡಿದರೆ ಕೂಲಿ ಹೋಗುತ್ತದೆ. ಈಗ ಜೊತೆಗೆ ಕೂತು ದಾರ ಕತ್ತರಿಸುತ್ತಲೇ ಮಾತಾಡಿಸುತ್ತಾರೆ, ಹೊರಗೆ ಬಂದ ಮೇಲೆ ಬರೆದುಕೊಳ್ಳುತ್ತಾರೆ. ಕನ್ನಡ, ತೆಲುಗಿಗೆ ಜನ ಇದ್ದಾರೆ, ಉರ್ದು ಚೆನ್ನಾಗಿ ಬರುವವರು ಇನ್ನೊಬ್ಬರು ಬೇಕು. ಬರುವವರು ವಿಭಾಗದ ಮುಖ್ಯಸ್ಥರ ಪತ್ರ ತರಲಿ, ಮಧ್ಯಾಹ್ನ ಮೂರರ ಮೇಲೆ ಬಿಡುವಿರಬೇಕು.