ಹಿತ್ತಲ ಬಾಗಿಲಿನಿಂದ ಹೃದಯ ನೋಡುವುದು: ನಾನು ಕಲಿಸಿದ ಬಗೆ

ಮೊದಲ ದಿನ ನನ್ನ ವಿದ್ಯಾರ್ಥಿಗಳ ಕೈಗೆ ಎಕೋ ಪ್ರೋಬ್ (ಶಬ್ದತರಂಗದಿಂದ ಹೃದಯದ ಚಿತ್ರ ತೋರಿಸುವ ಸಾಧನ) ಕೊಡುವುದಿಲ್ಲ. ಕುರಿಯ ಗುಂಡಿಗೆ ಕೊಡುತ್ತೇನೆ.

ಹಿಂದಿನ ದಿನವೇ ಮಟನ್ ಅಂಗಡಿಯವರಿಗೆ ಹೇಳಿಟ್ಟಿರುತ್ತೇನೆ. ಮೂರು ಬೇಕು, ಸೀಳಬೇಡಿ, ಮೇಲ್ಭಾಗ ಸವರಬೇಡಿ ಅಂತ. ಮೇಲಿನ ಕೋಣೆಗಳೇ ಹೋಗಿಬಿಟ್ಟರೆ ಪಾಠ ಹೇಗೆ ಮಾಡೋದು?

ನಾನು ಹೃದಯದ ಆಪರೇಷನ್‌ಗಳಿಗೆ ಅರಿವಳಿಕೆ ಕೊಡುವ ವೈದ್ಯೆ. ಆಪರೇಷನ್ ನಡೆಯುವಾಗ ಎದೆಯ ಮೇಲೆ ಎಕೋ ಪ್ರೋಬ್ ಇಡಲು ಜಾಗವಿಲ್ಲ, ಅಲ್ಲಿ ಸರ್ಜನ್ ಕೈ ಇರುತ್ತದೆ. ಹಾಗಾಗಿ ಬೆರಳು ದಪ್ಪದ ಪ್ರೋಬನ್ನು ಬಾಯಿಯ ಮೂಲಕ ಅನ್ನನಾಳಕ್ಕೆ ಇಳಿಸುತ್ತೇವೆ. ಇದನ್ನು ಟಿಇಇ (ಟ್ರಾನ್ಸ್‌ಈಸೋಫೇಜಿಯಲ್ ಎಕೋ, ಅಂದರೆ ಅನ್ನನಾಳದ ಮೂಲಕ ಮಾಡುವ ಎಕೋ) ಅನ್ನುತ್ತೇವೆ. ಅನ್ನನಾಳ ಹೃದಯದ ಬೆನ್ನಿಗೇ ಒರಗಿಕೊಂಡಿದೆ. ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಇಣುಕಿದ ಹಾಗೆ. ಹೊಸಬರಿಗೆ ತಲೆ ಕೆಡುವುದು ಇಲ್ಲೇ. ಹಿಂದಿರುವ ಎಡ ಏಟ್ರಿಯಂ, ಅಂದರೆ ಎಡಗಡೆಯ ಮೇಲಿನ ಕೋಣೆ, ಸ್ಕ್ರೀನಿನ ಮೇಲ್ತುದಿಯಲ್ಲಿ ಬರುತ್ತದೆ. ರೋಗಿಯ ಬಲಭಾಗ ನಮ್ಮ ಎಡಕ್ಕೆ ಬರುತ್ತದೆ.

ಅದಕ್ಕೇ ಕುರಿಯ ಗುಂಡಿಗೆ. ಎಡ ಏಟ್ರಿಯಂ ಮೇಲೆ ಬರುವ ಹಾಗೆ ಟ್ರೇಯಲ್ಲಿಡುತ್ತೇವೆ. ಏಟ್ರಿಯಂ ಬೆನ್ನಿಗೆ ಒಂದು ಪೆನ್ ಒತ್ತಿ ಹಿಡಿದರೆ ಅದೇ ಪ್ರೋಬ್. ಮೊದಲನೆಯದನ್ನು ಸೊನ್ನೆ ಡಿಗ್ರಿಯಲ್ಲಿ ಕತ್ತರಿಸಿದರೆ ನಾಲ್ಕೂ ಕೋಣೆ ತೆರೆದುಕೊಳ್ಳುತ್ತವೆ. ಎರಡನೆಯದನ್ನು 90ರ ಹತ್ತಿರ ಕತ್ತರಿಸಿದರೆ ಎಡಗಡೆಯ ಎರಡು ಕೋಣೆ ಮಾತ್ರ: ಮೇಲೆ ಏಟ್ರಿಯಂ, ಕೆಳಗೆ ವೆಂಟ್ರಿಕಲ್. ಮೂರನೆಯದು 120ರ ಆಸುಪಾಸು, ಅದರಲ್ಲಿ ಮಹಾಪಧಮನಿಯ ಬಾಯಿಯೂ ಸಿಗುತ್ತದೆ. ಪೆನ್ ಇದ್ದಲ್ಲೇ ಇರುತ್ತದೆ, ಕತ್ತಿ ಮಾತ್ರ ತಿರುಗುತ್ತದೆ. ಪ್ರೋಬಿನ ಬಟನ್ ಒತ್ತಿದಾಗ ಆಗುವುದೂ ಅಷ್ಟೇ. ಆಮೇಲೆ ಈ ಎರಡು ಎಡ ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಎಸಳನ್ನು ಬೆರಳಲ್ಲಿ ಮುಟ್ಟಿಸುತ್ತೇನೆ. ಈರುಳ್ಳಿಯ ಒಳಪೊರೆಯಷ್ಟು ತೆಳು, ಕೆಳಗೆ ದಾರದಂಥ ಎಳೆಗಳು. ಕತ್ತರಿಯಿಂದ ಒಂದು ದಾರ ಕತ್ತರಿಸಿದರೆ ಎಸಳಿನ ಅಂಚು ಸಡಿಲವಾಗಿ ಮೇಲಕ್ಕೆ ಮಗುಚುತ್ತದೆ. ಇದನ್ನು ಒಮ್ಮೆ ಕೈಯಾರೆ ಮಾಡಿದವರು ಸ್ಕ್ರೀನಿನಲ್ಲಿ ಅದನ್ನು ಕಂಡಾಗ ಗುರುತು ಹಿಡಿಯಲು ತಡಮಾಡುವುದಿಲ್ಲ.

ಪುಸ್ತಕದ ದಾರಿ ಬೇರೆ. 1999ರಲ್ಲಿ ಅಮೆರಿಕದ ಎಕೋ ಸಂಘ ಮತ್ತು ಹೃದಯ ಅರಿವಳಿಕೆ ತಜ್ಞರ ಸಂಘ ಸೇರಿ ಟಿಇಇಯಲ್ಲಿ ಹೃದಯವನ್ನು ಬೇರೆ ಬೇರೆ ಕೋನದಿಂದ ನೋಡುವ 20 ನೋಟಗಳ ಪಟ್ಟಿ ಕೊಟ್ಟವು. 2013ರಲ್ಲಿ ಅದು 28 ಆಯಿತು. ಆರಂಭಿಕರಿಗೆ 11 ಸಾಕು ಎಂದೂ ಅದೇ ವರ್ಷ ಹೇಳಿದರು. ಪಟ್ಟಿ ಬೇಕು, ನಾನೂ ಕಲಿಸುತ್ತೇನೆ. ಆದರೆ 28ನ್ನೂ ಗಿಣಿಪಾಠ ಒಪ್ಪಿಸಿ, 'ಈಗ ಇಲ್ಲಿ ಏನು ನೋಡಬೇಕಿತ್ತು?' ಎಂದರೆ ಸುಮ್ನೆ ನಿಲ್ಲುವವರು ಜಾಸ್ತಿ. ಹಾಗಾಗಿ ನನ್ನ ಕ್ರಮ ತಿರುಗಾಮುರುಗಾ. ಮೊದಲು ಪ್ರಶ್ನೆ, ಆಮೇಲೆ ನೋಟ. ಪ್ರೋಬ್ ಹಾಕುವ ಮುಂಚೆಯೇ ಇವತ್ತಿನ ಪ್ರಶ್ನೆ ಏನು ಅಂತ ವಿದ್ಯಾರ್ಥಿ ಬಾಯಿಬಿಟ್ಟು ಹೇಳಬೇಕು. ರೋಗಿಗೆ ನುಂಗಲು ತೊಂದರೆ ಇತ್ತೇ, ಅನ್ನನಾಳದ ಕಾಯಿಲೆ ಇತ್ತೇ ಎಂದು ಕೇಳಿದ್ದಾರೋ ಇಲ್ಲವೋ, ಅದನ್ನೂ ಹೇಳಬೇಕು. ಪ್ರೋಬ್ ಇಳಿಸುವಾಗ ತುದಿ ಲಾಕ್ ಆಗಿರಬಾರದು, ತಡೆ ಸಿಕ್ಕರೆ ಒತ್ತಬಾರದು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಟ್ಟಿಲ್ಲ.

ಈ ಪ್ರಶ್ನೆಯ ಹುಚ್ಚು ನನಗೆ ಹತ್ತಿದ್ದು ನನ್ನದೇ ತಪ್ಪಿನಿಂದ. ಕಲಿಯುತ್ತಿದ್ದ ದಿನಗಳು. ಮೈಟ್ರಲ್ ಕವಾಟ ಸೋರುತ್ತಿದ್ದ ರೋಗಿ. ಅರಿವಳಿಕೆ ಕೊಟ್ಟ ಮೇಲೆ ನೋಡಿದೆ, ಸೋರಿಕೆ ತೀರಾ ಕಡಿಮೆ. 'ಮೈಲ್ಡ್' ಅಂತ ಗಟ್ಟಿಯಾಗಿ ಹೇಳಿಬಿಟ್ಟೆ. ನನ್ನ ಹಿರಿಯರು ಸ್ಕ್ರೀನ್ ನೋಡಲೇ ಇಲ್ಲ, ಮಾನಿಟರ್ ನೋಡಿದರು. ಬಿಪಿ 85 ಇತ್ತು. ಔಷಧಿ ಕೊಟ್ಟು 130ಕ್ಕೆ ಏರಿಸಿ, 'ಈಗ ನೋಡಿ' ಎಂದರು. ಸ್ಕ್ರೀನಿನಲ್ಲಿ ಸೋರಿಕೆ ತೋರಿಸುವ ಬಣ್ಣದ ಚಿಲುಮೆ ಏಟ್ರಿಯಂನ ಬೆನ್ನಿನವರೆಗೂ ಚಿಮ್ಮುತ್ತಿತ್ತು. ಅರಿವಳಿಕೆಯಲ್ಲಿ ರಕ್ತನಾಳಗಳು ಸಡಿಲವಾಗುತ್ತವೆ, ರಕ್ತ ಮುಂದಕ್ಕೆ ಸಲೀಸಾಗಿ ಹೋಗುತ್ತದೆ, ಹಿಂದಕ್ಕೆ ಸೋರುವುದು ಕಮ್ಮಿ ಕಾಣುತ್ತದೆ. ಇದು ನನಗೆ ಓದಿ ಗೊತ್ತಿತ್ತು. ಆದರೂ ಹೇಳಿಬಿಟ್ಟಿದ್ದೆ. ಅವತ್ತು ನನ್ನ ಮಾತನ್ನೇ ನಂಬಿ ಮುಂದುವರಿದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಅಂದಿನಿಂದ ಬಿಪಿ ಎಷ್ಟು ಎಂದು ಹೇಳದೆ ಸೋರಿಕೆ ಎಷ್ಟು ಎಂದು ಯಾರೂ ನನ್ನ ಮುಂದೆ ಹೇಳುವಂತಿಲ್ಲ.

ಇನ್ನೊಂದು ದಿನದ ಮಾತು. ಮೈಟ್ರಲ್ ಕವಾಟ ರಿಪೇರಿ ಮುಗಿದು, ಕವಾಟದ ಸುತ್ತ ರಿಂಗ್ ಕೂರಿಸಿ, ರೋಗಿಯನ್ನು ಪಂಪಿನಿಂದ (ಆಪರೇಷನ್ ವೇಳೆ ಹೃದಯ-ಶ್ವಾಸಕೋಶದ ಕೆಲಸ ಮಾಡುವ ಯಂತ್ರದಿಂದ) ಇಳಿಸುತ್ತಿದ್ದೆವು. ಬಿಪಿ 70ಕ್ಕೆ ಇಳಿಯಿತು, ನಾಡಿ 120. ನನ್ನ ಡಿಎಂ (ಎಂಡಿ ನಂತರದ ಉನ್ನತ ಪದವಿ) ವಿದ್ಯಾರ್ಥಿನಿಯ ಕೈ ಆಗಲೇ ಔಷಧಿ ಹರಿಸುವ ಸಿರಿಂಜ್ ಪಂಪಿನ ಮೇಲಿತ್ತು.

"ಮೇಡಂ, ಅಡ್ರಿನಲಿನ್ ಜಾಸ್ತಿ ಮಾಡ್ಲಾ?"

"ಸ್ಕ್ರೀನ್ ನೋಡಮ್ಮ. ಏನು ಕಾಣ್ತಿದೆ, ಹೇಳು."

ಎರಡು ಕ್ಷಣ ಸುಮ್ಮನಿದ್ದಳು. 120 ಡಿಗ್ರಿಗೆ ತಿರುಗಿಸಿದಳು. "ಎಡ ವೆಂಟ್ರಿಕಲ್ ಚಿಕ್ಕದಾಗಿದೆ, ಜೋರಾಗಿ ಹಿಂಡ್ತಿದೆ. ಮುಂದಿನ ಎಸಳು... ಮೇಡಂ, ಅದು ಗೋಡೆಗೆ ಬಡೀತಿದೆ. ರಕ್ತ ಹೊರಗೆ ಹೋಗೋ ದಾರೀನೇ ಮುಚ್ತಿದೆ."

ಹೃದಯಕ್ಕೆ ಬಲ ಕಮ್ಮಿಯಾಗಿರಲಿಲ್ಲ, ಜಾಸ್ತಿಯೇ ಆಗಿತ್ತು. ಹೃದಯಕ್ಕೆ ಇನ್ನಷ್ಟು ಬಲ ಕೊಡುವ ಅಡ್ರಿನಲಿನ್ ಏರಿಸಿದ್ದರೆ ಬಾಗಿಲು ಇನ್ನೂ ಬಿಗಿಯಾಗುತ್ತಿತ್ತು. ಅದನ್ನು ನಿಲ್ಲಿಸಿದೆವು. ಆ ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್ ನೂರು ನೂರು ಮಿಲಿಯಂತೆ ರಕ್ತ ಕೊಟ್ಟರು. ರಕ್ತನಾಳ ಬಿಗಿಗೊಳಿಸಿ ಬಿಪಿ ಏರಿಸಲು ಫಿನೈಲೆಫ್ರಿನ್ ಕೊಟ್ಟೆವು, ನಾಡಿ ಇಳಿಸಲು ಎಸ್ಮೊಲಾಲ್. ಕೆಲವೇ ನಿಮಿಷದಲ್ಲಿ ಎಸಳು ತನ್ನ ಜಾಗಕ್ಕೆ ಮರಳಿತು. ಬಿಪಿ 110. ಸರ್ಜನ್ ಮತ್ತೆ ಪಂಪಿಗೆ ಹೋಗುವ ಮಾತು ಬಿಟ್ಟರು. ಆಕೆ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ, ಪ್ರೋಬನ್ನು ಮಾತ್ರ ಬಿಡಲಿಲ್ಲ.

ಎಷ್ಟು ಕೇಸ್ ಮಾಡಿದರೆ ಕಲಿತ ಹಾಗೆ ಅಂತ ಎಲ್ಲರೂ ಕೇಳುತ್ತಾರೆ. 2002ರಲ್ಲಿ ಅದೇ ಎರಡು ಸಂಘಗಳು ಲೆಕ್ಕ ಕೊಟ್ಟಿವೆ: ಮೂಲಮಟ್ಟಕ್ಕೆ 150 ಪರೀಕ್ಷೆ, ಅದರಲ್ಲಿ 50 ಸ್ವಂತ ಕೈಯಿಂದ. ಮೇಲ್ಮಟ್ಟಕ್ಕೆ 300, ಅದರಲ್ಲಿ 150 ಸ್ವಂತ. ನಮ್ಮಲ್ಲಿ ಕೇಸಿಗೆ ಕೊರತೆ ಇಲ್ಲ, ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟಗಳೇ ಬೇಕಾದಷ್ಟು ಬರುತ್ತವೆ. ಕೊರತೆ ಇರುವುದು ಸಮಯಕ್ಕೆ. ಅದಕ್ಕೆ ಸರ್ಜನ್ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆ. ಅವರು ಕೈ ತೊಳೆದು ಬಟ್ಟೆ ಹೊದಿಸುವ ಹೊತ್ತು ವಿದ್ಯಾರ್ಥಿಯದು. ಆಗ ನಾನು ಪ್ರೋಬ್ ಮುಟ್ಟುವುದಿಲ್ಲ, ಕೈ ಕಟ್ಟಿ ನಿಲ್ಲುತ್ತೇನೆ. ಎದೆ ತೆರೆಯುವ ಮುಂಚೆ ವಿದ್ಯಾರ್ಥಿಯೇ ಸರ್ಜನ್‌ಗೆ ಎರಡು ವಾಕ್ಯದಲ್ಲಿ ವರದಿ ಹೇಳಬೇಕು. ಸಂಜೆ ಕ್ಲಿಪ್‌ಗಳನ್ನು ಹಾಕಿಕೊಂಡು, ಒಳಗೆ ಸರ್ಜನ್ ಕಣ್ಣಾರೆ ಕಂಡದ್ದರ ಜೊತೆ ಹೋಲಿಸುತ್ತೇವೆ. ತಪ್ಪಾದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಅದರ ಮೊದಲ ಪುಟದಲ್ಲಿ ನನ್ನ ಆ 'ಮೈಲ್ಡ್' ಇದೆ, ಪಕ್ಕದಲ್ಲಿ ಬಿಪಿ 85 ಅಂತ ಕೆಂಪು ಶಾಯಿಯಲ್ಲಿ.